ಸಿಂಗಾಪುರ್ ಸ್ಲಿಂಗ್ ಪುರಾಣ
ನಿನ್ನೆ ರಾತ್ರಿ ಮನೇಲೇ ಸಿಂಗಾಪುರ್ ಸ್ಲಿಂಗ್ ಅನ್ನೋ ಕಾಕ್‌ಟೇಲ್ ಮಾಡಿದ್ವಿ ಮಾರಾಯ್ರೆ, ಜಿನ್ 30 ಎಂಎಲ್, ಅದರ ನಾಲ್ಕು ಪಟ್ಟು ಅನಾನಸ್ ಜ್ಯೂಸು, ನಿಂಬೆರಸ 15, ಆಮೇಲೆ ಚೆರ್ರಿ ಲಿಕರ್, ಕ್ವಾಂಟ್ರೋ (ಕಿತ್ತಳೆ ಲಿಕರ್), ಬೆನೆಡಿಕ್ಟೀನ್ (ಗಿಡಮೂಲಿಕೆ ಲಿಕರ್), ಗ್ರೆನಡೀನ್ (ದಾಳಿಂಬೆ ಸಿರಪ್) ಅಂತ ಬಾಟ್ಲಿಗಳ ಪಟ್ಟಿ ಮುಗಿಯೋದೇ ಇಲ್ಲ, ಜೇಬಿಗೆ ಸರಿಯಾಗಿ ಕತ್ತರಿ. ಐಸ್ ಹಾಕಿ ಜೋರಾಗಿ ಶೇಕ್ ಮಾಡಿದ್ರೆ ಅನಾನಸ್ ಇರೋದ್ರಿಂದ ಮೇಲೆ ದಪ್ಪಗೆ ನೊರೆ ನಿಲ್ಲುತ್ತೆ ನೋಡಿ, ಅದೇ ಇದರ ಗತ್ತು. ತಾಜಾ ಹಣ್ಣಿಂದೇ ರಸ ತೆಗೀರಿ, ಪ್ಯಾಕೆಟ್ ಜ್ಯೂಸ್ ಬೇಡ.

ಇದು ಹುಟ್ಟಿದ್ದು ಸಿಂಗಾಪುರದ ರಾಫೆಲ್ಸ್ ಹೋಟ್ಲಲ್ಲಿ, 1915ರಲ್ಲಿ, ಚೀನಾದ ಹೈನಾನ್ ಮೂಲದ ಬಾರ್‌ಟೆಂಡರ್ ಙಿಯಾಮ್ ಟಾಂಗ್ ಬೂನ್ ಕೈಯಲ್ಲಿ ಅಂತ ಹೋಟ್ಲವ್ರು ಹೇಳೋದು. ಆಗ ಹೆಂಗಸ್ರು ನಾಲ್ಕು ಜನರ ಮುಂದೆ ಕುಡಿಯೋ ಹಾಗಿರ್ಲಿಲ್ವಂತೆ, ಅದಕ್ಕೇ ನೋಡೋಕೆ ಹಣ್ಣಿನ ಜ್ಯೂಸ್ ಥರ ಪಿಂಕ್ ಬಣ್ಣವಂತೆ. ಕಥೆ ಚೆನ್ನಾಗೇ ಇದೆ, ಆದ್ರೆ 1903ರಲ್ಲೇ ಅಲ್ಲಿನ ಪೇಪರಲ್ಲಿ ಪಿಂಕ್ ಸ್ಲಿಂಗ್ ಪ್ರಸ್ತಾಪ ಇರೋದ್ರಿಂದ ನಂಗೆ ಪೂರ್ತಿ ನಂಬಿಕೆ ಬರ್ತಿಲ್ಲ. ಏನೇ ಇರ್ಲಿ, ಆ ಮನುಷ್ಯನ ಹೆಸರಾದ್ರೂ ಉಳೀತಲ್ಲ, ಆ ಕಾಲದ ಬಾರ್‌ಗಳಲ್ಲಿ ಸಾಹೇಬರ ಗ್ಲಾಸ್ ತುಂಬಿಸಿದ ಉಳಿದವರ ಹೆಸರು ಯಾರಿಗೆ ಗೊತ್ತು. ಅಂದಹಾಗೆ ರಾಫೆಲ್ಸ್ ಹೋಟ್ಲಿನ ಲಾಂಗ್ ಬಾರಲ್ಲಿ ಕಡ್ಲೇಕಾಯಿ ತಿಂದು ಸಿಪ್ಪೆ ನೆಲಕ್ಕೇ ಎಸೀಬಹುದು, ಯಾರೂ ಬೈಯಲ್ಲ.