ಯಾವ ಐದು?

"ಅವ್ವ, ಬರೋ ವರ್ಸದಿಂದ ಐದು ತಳಿ ಸಾಕು. ಮಿಕ್ಕಿದ್ದು ಬುಟ್ಬುಡು."

"ಯಾವೈದು? ನೀನೇ ಹೆಸ್ರೇಳು."

ಭಾನುವಾರ ಮಳವಳ್ಳಿ ಕಡೆ ಚಿಕ್ಕವ್ವನ ಗದ್ದೆ ಬದುವಿನ ಮೇಲೆ ನಿಂತು ಕೇಳಿದ ಮಾತು ಇಷ್ಟೇ. ವಾರವಾಗುತ್ತಾ ಬಂತು, ತಲೆಯಿಂದ ಇಳಿದಿಲ್ಲ. ಚಿಕ್ಕವ್ವ ಸಿಟ್ಟಿನಿಂದ ಕೇಳಿದ್ದಲ್ಲ, ಮಗನ ಬಾಯಿ ಮುಚ್ಚಿಸಬೇಕು ಅಂತಲೂ ಅಲ್ಲ. ಆಗಷ್ಟೇ ಕಿತ್ತ ಬೆರಕೆ ತೆನೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಅವನ ಉತ್ತರಕ್ಕೆ ಕಾಯುತ್ತಾ ನಿಂತಳು. ಅವನು ಗದ್ದೆ ಉದ್ದಕ್ಕೂ ಕಣ್ಣು ಹಾಯಿಸಿದ. "ರಾಜಮುಡಿ" ಅಂದ. "ರತ್ನಚೂಡಿ" ಅಂದ. ಅಲ್ಲಿಂದ ಮುಂದೆ ಗಂಧಸಾಲೆ, ಜೀರಿಗೆ ಸಣ್ಣ, ಕಪ್ಪು ಸಿಪ್ಪೆಯದು, ಉದ್ದ ಮೀಸೆಯದು ಸಾಲಾಗಿ ನಿಂತಿದ್ದವು. ಅವನಿಂದ ಮೂರನೆಯ ಹೆಸರು ಹೊರಡಲಿಲ್ಲ.

ಅರ್ಧ ಎಕರೆಯಲ್ಲಿ ನಲವತ್ತು ಚಿಲ್ಲರೆ ನಾಟಿ ಭತ್ತ. ಒಂದೊಂದಕ್ಕೂ ಸಣ್ಣ ತಾಕು, ತಲೆಗೊಂದು ಗೂಟ. ಇಲ್ಲಿ ಗುಂಪು ಪೈರು ನಾಟಿ ಮಾಡುವಂತಿಲ್ಲ, ಒಂಟಿ ಪೈರೇ ಇಡಬೇಕು. ಗುಂಪಿನಲ್ಲಿ ಬೇರೆ ತಳಿಯ ಪೈರೊಂದು ಸೇರಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ. ಭತ್ತ ಬಹುಪಾಲು ತನ್ನ ಹೂವಿನಲ್ಲೇ ಕಟ್ಟಿಕೊಳ್ಳುವ ಬೆಳೆ, ಸೋರೆ, ಕುಂಬಳದ ಹಾಗೆ ದುಂಬಿಯಿಂದ ಕುಲ ಕೆಡುವುದಿಲ್ಲ. ಆದರೂ ಕಣದಲ್ಲಿ, ಚೀಲದಲ್ಲಿ, ಸಸಿ ಬೆಳೆಸುವ ಒಟ್ಟಲಿನಲ್ಲಿ ನಾಲ್ಕು ಕಾಳು ಬೆರೆತರೆ ಸಾಕು, ಮೂರು ನಾಲ್ಕು ವರ್ಷದಲ್ಲಿ ಅದು ಯಾವ ತಳಿ ಅಂತ ಹೇಳುವವರೇ ಇರುವುದಿಲ್ಲ. ಅದಕ್ಕೇ ಹೊಡೆ ಬಿಚ್ಚಿ ತೆನೆ ಹೊರಬಂದ ಮೇಲೆ ಚಿಕ್ಕವ್ವ ದಿನಾ ಒಂದು ಸುತ್ತು ಹಾಕುತ್ತಾಳೆ. ಎರಡು ದಿನ ಮೊದಲೇ ಹೂ ಬಿಟ್ಟದ್ದು, ಬುಡದಲ್ಲಿ ನೇರಳೆ ಬಣ್ಣ ಇರಬೇಕಾದ ಕಡೆ ಹಸಿರಿರುವುದು, ಒಂದು ಗೇಣು ಎತ್ತರ ಬೆಳೆದದ್ದು, ಮೀಸೆ ಇಲ್ಲದ ತಾಕಿನಲ್ಲಿ ಮೀಸೆ ಬಿಟ್ಟದ್ದು, ಎಲ್ಲವೂ ಬದುವಿನ ಮೇಲಿಂದಲೇ ಅವಳಿಗೆ ಕಾಣುತ್ತವೆ. ಕೊಯ್ಲಿಗೆ ಇನ್ನು ಹದಿನೈದು ಇಪ್ಪತ್ತು ದಿನ ಇದೆ ಅನ್ನುವಾಗ ಸಿಪ್ಪೆಯ ಬಣ್ಣ ನೋಡಿಕೊಂಡು ಕೊನೆಯ ಸಲ ಕೀಳುತ್ತಾಳೆ. ನಾನು ಹೋದದ್ದು ಆ ಹೊತ್ತಿಗೆ.

ಮಗನ ಮಾತನ್ನು ಕೇಳಿ ಅವನನ್ನು ದೂರುವವರು ಇರಬಹುದು. ನಾನು ದೂರುವುದಿಲ್ಲ. ಉಳಿದ ಜಮೀನಿನಲ್ಲಿ ಅವನು ಸುಧಾರಿತ ತಳಿ ಬೆಳೆಯುತ್ತಾನೆ. ಅಲ್ಲಿ ಕಟಾವು ಮೆಷಿನ್ ಇಳಿಯುತ್ತದೆ, ಹೊತ್ತು ಇಳಿಯುವುದರೊಳಗೆ ಭತ್ತ ಚೀಲದಲ್ಲಿರುತ್ತದೆ. ಈ ಅರ್ಧ ಎಕರೆಗೆ ಮೆಷಿನ್ ಬಿಡುವ ಹಾಗಿಲ್ಲ. ಅದರ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಕಾಳು ಉಳಿದಿರುತ್ತದೆ, ಒಂದೇ ದಿನದಲ್ಲಿ ಇಷ್ಟು ವರ್ಷದ ಕೆಲಸ ಬೆರಕೆಯಾಗಿ ಹೋಗುತ್ತದೆ. ಹಾಗಾಗಿ ಪ್ರತಿ ತಾಕನ್ನೂ ಕುಡ್ಲು ಹಿಡಿದೇ ಕೊಯ್ಯಬೇಕು. ಬೇರೆ ಬೇರೆ ಕಡೆ ಬಡಿಯಬೇಕು, ಬೇರೆ ಬೇರೆ ಚಾಪೆಯಲ್ಲಿ ಒಣಗಿಸಬೇಕು, ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಮೊರ, ನೆಲ, ಸೀರೆಯ ನೆರಿಗೆ ಕೂಡ ಕೊಡವಬೇಕು. ಆಳು ಸಿಗುವುದೇ ಕಷ್ಟ, ಸಿಕ್ಕವರಿಗೆ ಇಷ್ಟು ನಾಜೂಕು ಹೇಳಿಕೊಡುವಷ್ಟರಲ್ಲಿ ಸಂಜೆಯಾಗಿರುತ್ತದೆ. ಸುತ್ತಲಿನವರು ಕಬ್ಬು ಹಾಕಿ ನಿಶ್ಚಿಂತೆಯಾಗಿದ್ದಾರೆ. ಅವನಿಗೂ ಇಬ್ಬರು ಮಕ್ಕಳು, ಸ್ಕೂಲು ಫೀಸು.

"ಕಿರುಗಾವಲಲ್ಲಿ ಎಲ್ಲಾ ಅವೆ ಕನವ್ವ, ನಮ್ಮತ್ರ ಇಲ್ದಿದ್ರೆ ಏನಾಗೋದದು?" ಅಂತ ಅವನು ಆಮೇಲೆ ಕೇಳಿದ. ಸುಮ್ಮನೆ ತಳ್ಳಿಹಾಕುವ ಮಾತಲ್ಲ ಇದು. ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕೂಡಿಹಾಕಿ ಬೆಳೆಯುತ್ತಿರುವುದು ನಾಡಿಗೇ ಗೊತ್ತು, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಭತ್ತದ ಬೀಜ ಮನೆಯಲ್ಲಿ ಒಂದೆರಡು ವರ್ಷ ಇಟ್ಟರೆ ಮೊಳಕೆ ಕಳೆದುಕೊಳ್ಳುತ್ತದೆ. ಅಷ್ಟನ್ನೂ ಆಗಾಗ ಬಿತ್ತಿ ಹೊಸದು ಮಾಡಿಕೊಳ್ಳುವ ಭಾರವನ್ನು ಒಂದೇ ಮನೆಯ ಮೇಲೆ ಹೊರಿಸಿ ನಾವೆಲ್ಲ ನೆಮ್ಮದಿಯಾಗಿರುವುದು ಯಾವ ನ್ಯಾಯ? ಚಿಕ್ಕವ್ವ ಮಗನಿಗೆ ಹೇಳಿದ್ದು ಬೇರೆ ಸಂಗತಿ. ಒಂದು ವರ್ಷ ಇಲಿ ಕಾಟದಲ್ಲಿ ಮೀಸೆ ಭತ್ತದ ಬೀಜ ಪೂರಾ ಹೋಗಿತ್ತಂತೆ. ನಾದಿನಿಯ ಮನೆಗೆ ಹಿಂದೆ ಕೊಟ್ಟದ್ದರಿಂದ ಎರಡು ಸೇರು ವಾಪಸು ಬಂತು. ಈಗ ಗದ್ದೆಯಲ್ಲಿರುವುದು ಆ ಎರಡು ಸೇರಿನ ವಂಶ. ಹಂದಿ ಬಾಯಿ ಹಾಕಲು ಹಿಂಜರಿಯುವ ಭತ್ತ ಅದೊಂದೇ ಎಂದು ಅದನ್ನು ಗದ್ದೆಯ ಅಂಚಿಗೆ ಹಾಕಿದ್ದಾಳೆ.

ಯಾವ ಐದು? ಬಸ್ಸಿನಲ್ಲಿ ಕೂತು ನಾನೂ ಆರಿಸಲು ನೋಡಿದೆ. ರುಚಿ ನೋಡಿದರೆ ಒಂದು ಪಟ್ಟಿ, ಹುಲ್ಲು ನೋಡಿದರೆ ಇನ್ನೊಂದು. ನಾಟಿ ತಳಿಗಳ ಎತ್ತರದ ಹುಲ್ಲಿಲ್ಲದೆ ಅವಳ ಎರಡು ಹಸು ಬೇಸಿಗೆ ಕಳೆಯುವುದಿಲ್ಲ. ನೀರು ಕಡಿಮೆ ಬಿಟ್ಟ ವರ್ಷದ ಪಟ್ಟಿಯೇ ಬೇರೆ. ಇಳುವರಿ ಒಂದನ್ನೇ ಇಟ್ಟುಕೊಂಡರೆ ಇಲ್ಲಿನ ಒಂದೂ ಉಳಿಯುವುದಿಲ್ಲ. ಹಾಗೆ ಇಳುವರಿ ನೋಡಿ ಬಿಟ್ಟಿದ್ದರೆ ಒಡಿಶಾದ ಧಲಪುಟ್ಟಿಯಾ ಎಂಬ ಭತ್ತ ಎಂದೋ ಮಾಯವಾಗಿರುತ್ತಿತ್ತು. ನೆರೆ ಬರುವ ತಗ್ಗು ಗದ್ದೆಯವರು ಬೆಳೆಯುತ್ತಿದ್ದ, ಇಳುವರಿ ಕಡಿಮೆಯ ತಳಿ ಅದು. ಅದರಿಂದ ಆಯ್ದ ಎಫ್‌ಆರ್ 13ಎ ಎಂಬ ತಳಿಯಲ್ಲೇ ವಿಜ್ಞಾನಿಗಳಿಗೆ ಮುಳುಗಡೆ ತಾಳುವ ಗುಣ ಸಿಕ್ಕಿದ್ದು. ಆ ಗುಣವನ್ನು ಸ್ವರ್ಣ ತಳಿಗೆ ಸೇರಿಸಿ 2009ರಲ್ಲಿ ಸ್ವರ್ಣ ಸಬ್-1 ಬಿಡುಗಡೆ ಮಾಡಿದರು. ಸುಮಾರು ಎರಡು ವಾರ ನೀರಿನಡಿ ಮುಳುಗಿದರೂ ಮತ್ತೆ ಚಿಗುರುವ ಭತ್ತ. ಧಲಪುಟ್ಟಿಯಾ ಬೆಳೆದವರ ಮನೆಯಲ್ಲೂ ಯಾರಾದರೂ ಮಗ "ಇದ್ಯಾಕೆ ಬೇಕು" ಅಂತ ಕೇಳಿಯೇ ಇದ್ದಿರಬೇಕು. ಅವನ ಅವ್ವ ಏನು ಹೇಳಿದಳೋ, ಅವಳ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ನಮ್ಮಲ್ಲೂ ಹಾಗೇ. ಅಘನಾಶಿನಿ ನದಿ ಕಡಲು ಸೇರುವ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರಿಗೆ ತಾಳುವ ಕಗ್ಗ ಎಂಬ ಭತ್ತ ಇಂದಿಗೂ ಇದೆ ಅಂದರೆ, ಲಾಭವಿಲ್ಲ ಅಂತ ಗೊತ್ತಿದ್ದೂ ಕುಮಟಾ ಕಡೆಯ ಕೆಲವು ಮನೆಗಳು ಅದನ್ನು ಬಿತ್ತುತ್ತಾ ಬಂದದ್ದರಿಂದ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ತಯಾರಾದ ಕೆಆರ್‌ಎಚ್-2 ಹೈಬ್ರಿಡ್ ಭತ್ತ 1996ರಲ್ಲಿ ಬಂತು. ಅದರ ಇಳುವರಿ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಎರಡನೇ ತಲೆಮಾರಿಗೇ ಗುಣ ಒಡೆದುಹೋಗುತ್ತದೆ, ವರ್ಷವರ್ಷವೂ ಕೊಳ್ಳಲೇಬೇಕು. ಚಿಕ್ಕವ್ವ ಇದುವರೆಗೆ ಈ ಅರ್ಧ ಎಕರೆಗೆ ಅಂಗಡಿಯಿಂದ ಬೀಜ ತಂದವಳಲ್ಲ.

ಈ ಗದ್ದೆ ನೋಡಲು ಜನ ಬರುತ್ತಾರೆ. ಬಂದವರೆಲ್ಲ ಕೇಳುವುದು "ಎಷ್ಟು ತಳಿ ಇವೆ?" ಅಂತ. ಉತ್ತರ ಹೇಳುವವರು ಚಿಕ್ಕಪ್ಪ. ಸನ್ಮಾನದ ಶಾಲು ಹೊದ್ದವರೂ ಅವರೇ, ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿರುವ ಹೆಸರೂ ಅವರದೇ. ಅವರು ಒಳ್ಳೆಯವರು, ಉಳುಮೆ, ನೀರು, ಗೊಬ್ಬರ ಎಲ್ಲ ಅವರದೇ ಮೈಬೆವರು. ಆದರೆ ಬೆರಕೆ ಯಾವುದು ಅಂತ ಅವರ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಬಂದವರ ಮುಂದೆ ಅವರು ಹೇಳಿದ್ದನ್ನೂ ನಾನು ಕೇಳಿಲ್ಲ. ಇದು ನನಗೆ ನೋಯುತ್ತದೆ. ಚಿಕ್ಕವ್ವನಿಗೆ ನೋಯುತ್ತದೋ ಇಲ್ಲವೋ, ಕೇಳಿದರೆ ನಗುತ್ತಾಳೆ. "ಎಣ್ಸೋರು ಎಣ್ಸಲಿ ಬುಡು ಮಗ. ನಂಗೆ ಒಂದೊಂದ್ರ ಮುಖ ಗೊತ್ತು, ಸಾಕು."

ಆ ಮುಖಗಳನ್ನು ಈಗ ಕಲಿಯುತ್ತಿರುವವಳು ಸೊಸೆ. ಪಿಯುಸಿ ಓದಿದ ಹುಡುಗಿ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ತಳಿಗೊಂದು ಪುಟ ಮಾಡಿ, ಪ್ರತಿ ಪುಟಕ್ಕೂ ಒಂದೊಂದು ತೆನೆ ಅಂಟಿಸಿದ್ದಾಳೆ. ಒಟ್ಟಲು ಹಾಕಿದ ದಿನ, ಹೂ ಬಿಟ್ಟ ದಿನ, ಎತ್ತರ, ಅತ್ತೆ ಹೇಳಿದ ಗುರುತು. ಗಂಡ ಐದು ಸಾಕು ಅಂದಾಗ ಅವಳು ಅಲ್ಲೇ ಇದ್ದಳು, ಒಂದು ಮಾತೂ ಆಡಲಿಲ್ಲ. ಆದರೆ ಅವನು ಮೂರನೆಯ ಹೆಸರಿಗೆ ತಡವರಿಸಿದಾಗ ತಲೆ ಎತ್ತಿ ಅವನನ್ನೇ ನೋಡಿದಳು. ಅವಳನ್ನು ಕೇಳಿದ್ದರೆ ಏನು ಹೇಳುತ್ತಿದ್ದಳು ಅಂತ ತಿಳಿಯುವ ಆಸೆ ನನಗೆ ಈಗಲೂ ಇದೆ.

ಕಾನೂನು ಇವರ ಪರವಾಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೀಜ ಎತ್ತಿಡಲು, ಬಿತ್ತಲು, ಹಂಚಲು, ಬ್ರ್ಯಾಂಡ್ ಹಾಕದೆ ಮಾರಲು ರೈತರಿಗೆ ಹಕ್ಕು ಕೊಟ್ಟಿದೆ. ಅದರಡಿ ತಳಿ ಉಳಿಸಿದವರಿಗೆ ಪ್ರಶಸ್ತಿಗಳೂ ಇವೆ, ಸಮುದಾಯಕ್ಕೆ 10 ಲಕ್ಷ ರೂಪಾಯಿ, ರೈತರಿಗೆ ಒಂದೂವರೆ ಲಕ್ಷದ್ದೊಂದು, ಒಂದು ಲಕ್ಷದ್ದೊಂದು. ಸಿಕ್ಕವರಿಗೆ ಸಂತೋಷ. ಸಿಗದ ಮನೆಗಳಲ್ಲೂ ಬೆರಕೆ ಕೀಳುವ ಕೆಲಸ ಪ್ರತಿ ವರ್ಷ ಇರುತ್ತದೆ. ತಳಿಗೆ ಇಷ್ಟು, ಹಂಗಾಮಿಗೆ ಇಷ್ಟು ಅಂತ ಕೂಲಿಯ ಖರ್ಚಾದರೂ ಕೊಟ್ಟರೆ ಚಿಕ್ಕವ್ವನ ಮಗ ಐದಕ್ಕೆ ಇಳಿಸುವ ಮಾತೇ ಎತ್ತುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅವನಿಗೆ ಬೇಡವಾಗಿರುವುದು ತಳಿಗಳಲ್ಲ. ಕೊಯ್ಲಿನ ಆ ಹದಿನೈದು ದಿನಗಳು.

ಹೊರಡುವಾಗ ಚಿಕ್ಕವ್ವ, "ನಿಮ್ಮೂರ್ಕಡೆ ಜಮೀನಿರೋರು ಯಾರಾದ್ರೂ ಇದ್ರೆ ಏಳು. ಎರಡೆರಡು ತಳಿ ಕೊಡ್ತೀನಿ. ಒಂದು ಸೇರು ತಗಂಡ್ರೆ ಬರೋ ವರ್ಸ ಎರಡು ಸೇರು ತಂದ್ಕೊಡ್ಬೇಕು, ಅಷ್ಟೇಯ. ಮೆಷಿನ್ ಬುಡ್ಬಾರ್ದು" ಅಂದಳು. ಸೋಮವಾರದಿಂದ ಫೋನ್ ಮಾಡುತ್ತಿದ್ದೇನೆ. ಟಿ. ನರಸೀಪುರದ ಸ್ನೇಹಿತರೊಬ್ಬರು ಒಂದು ಮೂಲೆ ಬಿಡಲು ಒಪ್ಪಿದರು, ಕುಡ್ಲು ಹಿಡಿಯುವವರು ಯಾರು ಅಂತ ಕೇಳಿದರು. ನಾನೇ ರಜೆ ಹಾಕಿ ಬರುತ್ತೇನೆ ಅಂದೆ. ನಂಜನಗೂಡಿನ ಇನ್ನೊಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಇಬ್ಬರಿಗೂ ಯಾವ ಎರಡು ತಳಿ ಅಂತ ಆರಿಸುವ ಕೆಲಸವನ್ನು ಸೊಸೆಗೆ ಬಿಟ್ಟಿದ್ದೇವೆ.