ನೀರು ಹುಯ್ದಷ್ಟೂ ಗಟ್ಟಿಯಾಗೋದು ಯಾಕೆ?

ಮಂಡ್ಯ ಕಡೆ ಪಾತ್ರೆ ತೊಳೆಯೋ ಲಿಕ್ವಿಡ್ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಎಸ್‌ಎಲ್‌ಇಎಸ್ ಪೇಸ್ಟಿಗೆ ನೀರು ಹುಯ್ದಷ್ಟೂ ಗಟ್ಟಿ ಆಯ್ತದಲ್ಲ ಮೇಷ್ಟ್ರೇ, ಮಾಲು ಕೆಟ್ಟೋಗಿದ್ಯಾ?"

ಇಲ್ಲಮ್ಮ, ಮಾಲು ಚೆನ್ನಾಗೇ ಇದೆ.

ಎಸ್‌ಎಲ್‌ಇಎಸ್ ಅಂದರೆ ಸೋಡಿಯಂ ಲಾರೆತ್ ಸಲ್ಫೇಟ್, ನೊರೆ ಬರಿಸಿ ಜಿಡ್ಡು ತೆಗೆಯುವ ವಸ್ತು. ಅಂಗಡಿಯ ಪೇಸ್ಟಿನಲ್ಲಿ ನೂರಕ್ಕೆ 70 ಭಾಗ ಎಸ್‌ಎಲ್‌ಇಎಸ್, ಮಿಕ್ಕಿದ್ದು ಬಹುಪಾಲು ನೀರು. ಅದರ ಅಣುವಿಗೆ ನೀರಿಗೆ ಒಗ್ಗುವ ತಲೆಯೊಂದು, ಒಗ್ಗದ ಬಾಲವೊಂದು. ನೀರಿನಿಂದ ತಪ್ಪಿಸಿಕೊಳ್ಳಲು ಬಾಲಗಳೆಲ್ಲ ಒಂದೆಡೆ ಸೇರುತ್ತವೆ. ಹೇಗೆ ಸೇರುತ್ತವೆ ಅನ್ನೋದು ನೀರು ಎಷ್ಟಿದೆ ಅನ್ನೋದರ ಮೇಲೆ. 70ರಲ್ಲಿ ಅವು ಪದರ ಪದರವಾಗಿ ಕೂತಿರುತ್ತವೆ, ನಡುವೆ ತೆಳುವಾಗಿ ನೀರು. ಪದರದ ಮೇಲೆ ಪದರ ಜಾರುತ್ತದೆ, ಅದಕ್ಕೇ ಪೇಸ್ಟ್ ನಿಧಾನವಾಗಿಯಾದರೂ ಹರಿಯುತ್ತದೆ.

ನೀರು ಹಾಕಿ ಅದನ್ನು ಸುಮಾರು 60ಕ್ಕೂ 30ಕ್ಕೂ ನಡುವೆ ಇಳಿಸಿ. ಪದರ ಮುರಿದು ಉದ್ದುದ್ದ ಕೋಲುಗಳಾಗುತ್ತವೆ. ಲಾರಿಯಲ್ಲಿ ಒತ್ತಿ ತುಂಬಿದ ಕಬ್ಬಿನ ಹಾಗೆ, ಒಂದು ಕೋಲಿನ ಸುತ್ತ ಆರು ಕೋಲು. ಇಂಥ ಕಟ್ಟುಗಳು ದಿಕ್ಕಿಗೊಂದರಂತೆ ತಿರುಗಿ ಬಿಗಿದುಕೊಂಡರೆ ಬಕೆಟ್ಟಿನಲ್ಲಿ ಸೌಟು ಆಡೋದಿಲ್ಲ. 30ಕ್ಕಿಂತ ಕೆಳಗೆ ಹೋದರೆ ಕಟ್ಟು ಬಿಚ್ಚಿಕೊಂಡು ಸಲೀಸಾಗಿ ಹರಿಯುತ್ತದೆ.

ಪದರದ್ದೂ ಕೋಲಿನದ್ದೂ ಎರಡೂ ಲಿಕ್ವಿಡ್ ಕ್ರಿಸ್ಟಲ್‌ಗಳೇ, ಅಂದರೆ ಪೂರಾ ದ್ರವವೂ ಅಲ್ಲದ, ಪೂರಾ ಹರಳೂ ಅಲ್ಲದ, ಒಳಗೆ ಅಣುಗಳು ಕ್ರಮವಾಗಿ ಜೋಡಿಸಿಕೊಂಡ ನಡುವಿನ ಸ್ಥಿತಿ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರಾಯ್ಡ್ ಹಾಳೆಗಳನ್ನು ಕತ್ತಲಾಗುವ ಹಾಗೆ ಅಡ್ಡಡ್ಡ ಹಿಡಿದು, ನಡುವೆ ಬಕೆಟ್ಟಿನ ಆ ಗಟ್ಟಿ ಗಂಟನ್ನು ಇಟ್ಟು ನೋಡಿ. ಬೆಳಗುತ್ತದೆ! ತೆಳು ಲಿಕ್ವಿಡ್ ಇಟ್ಟರೆ ಕತ್ತಲು ಕತ್ತಲಾಗೇ ಉಳಿಯುತ್ತದೆ. ಇದನ್ನು ನೋಡಿದ ಮಕ್ಕಳ ಮುಖ ನೋಡಬೇಕು ನೀವು.

ಸೋಪು ಕುದಿಸುವವರಿಗೆ ಇದು ಹಳೇ ಸಂಗತಿ. ಪದರದ್ದನ್ನು ಅವರು ನೀಟ್ ಸೋಪ್ ಅಂದರು, ಕೋಲಿನದ್ದನ್ನು ಮಿಡಲ್ ಸೋಪ್. ಮಿಡಲ್ ಸೋಪಿನಲ್ಲಿ ನೀರು ಜಾಸ್ತಿ, ಆದರೂ ಅದೇ ಗಟ್ಟಿ. ಒಳಗಿನ ರಚನೆಯನ್ನು ವಿಜ್ಞಾನಿ ಲುಜಾಟಿ ಮತ್ತು ಸಂಗಡಿಗರು 1957ರಲ್ಲಿ ಎಕ್ಸ್‌ರೇ ಹಾಯಿಸಿ ತೋರಿಸಿದರು.

ಮೈಸೂರಿನವರು ಇನ್ನೊಂದು ಹೆಸರು ನೆನೆಯಬೇಕು. ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದು, ಲಿಕ್ವಿಡ್ ಕ್ರಿಸ್ಟಲ್ ಸಂಶೋಧನೆಗೆ ಇಲ್ಲಿ ಬುನಾದಿ ಹಾಕಿದರು. ಆಮೇಲೆ ಬೆಂಗಳೂರಿಗೆ ಹೋದರು. ಅವರು ಹೆಚ್ಚಾಗಿ ನೋಡಿದ್ದು ಬಿಸಿಗೆ ರೂಪ ಬದಲಿಸುವ ಜಾತಿ. ನಮ್ಮ ಬಕೆಟ್ಟಿನದು ನೀರಿಗೆ ಬದಲಾಗುವಂಥದ್ದು.

ನಮ್ಮ ಮೈಯೊಳಗೂ ಇದೇ ಕತೆ. ಲೆಸಿಥಿನ್ನಿನಂಥ ಲಿಪಿಡ್‌ಗೆ, ಅಂದರೆ ಕೊಬ್ಬಿನ ಜಾತಿಯ ಅಣುವಿಗೆ, ಎರಡು ಬಾಲ. ಹಾಗಾಗಿ ಅಣುವಿನ ಬುಡ, ತುದಿ ಎರಡೂ ಹೆಚ್ಚುಕಡಿಮೆ ಒಂದೇ ಅಗಲ, ಕೋಲಾಗಿ ಸುತ್ತಿಕೊಳ್ಳೋದಿಲ್ಲ. ಎಷ್ಟು ನೀರಿದ್ದರೂ ಪದರವಾಗೇ ನಿಲ್ಲುತ್ತದೆ. ಜೀವಕೋಶದ ಪೊರೆ ನಿಂತಿರೋದು ಇಂಥ ಜೋಡಿ ಪದರದ ಮೇಲೆ.

ಇನ್ನು ಕೆಲಸಕ್ಕೆ ಬೇಕಾದ ಮಾತು. ಪೇಸ್ಟಿಗೆ ನೀರು ಹುಯ್ಯಬೇಡಿ, ನೀರಿಗೆ ಪೇಸ್ಟ್ ಹಾಕಿ. ಸ್ವಲ್ಪ ಸ್ವಲ್ಪ ಹಾಕುತ್ತಾ ನಿಧಾನವಾಗಿ ತಿರುಗಿಸಿ. ಗಂಟಾದರೆ ಎಸೆಯಬೇಡಿ. ನೀರು ಸಾಕಷ್ಟಿದ್ದರೆ ರಾತ್ರಿ ಮುಚ್ಚಿಟ್ಟರೆ ಕರಗುತ್ತದೆ. ಮಂದ ಮಾಡುವ ಉಪ್ಪು ಕೊನೆಗೆ, ಅದೂ ನೀರಲ್ಲಿ ಕರಗಿಸಿ ಅಳತೆ ನೋಡಿಕೊಂಡು. ಉಪ್ಪು ಜಾಸ್ತಿಯಾದರೆ ಲಿಕ್ವಿಡ್ ಮತ್ತೆ ತೆಳ್ಳಗಾಗುತ್ತದೆ.