ಹಿತ್ತಲಿನ ದೊಡ್ಡ ಮರ ತೆಗೆಸಿದ್ವಿ

ಹಿತ್ತಲಲ್ಲಿದ್ದ ದೊಡ್ಡ ಮರ ಕೊನೆಗೂ ತೆಗೆಸಿದ್ವಿ. ಅಷ್ಟು ಹಸಿರಾಗಿದ್ದ ಮರ ಯಾಕೆ ಕಡಿಸಿದ್ರಿ ಅಂತ ಕೇಳಿದೋರೇ ಜಾಸ್ತಿ, ಅದಕ್ಕೇ ಬರೀತಿದೀನಿ. ನಂಗೂ ತುಂಬಾ ಬೇಜಾರಾಗಿದೆ, ಆದ್ರೆ ಎಲೆ ನೋಡಿ ಮರ ಗಟ್ಟಿ ಅಂತ ಹೇಳೋಕೆ ಆಗಲ್ಲ.

ಬೇರಿಂದ ನೀರು ಮೇಲಕ್ಕೆ ಹೋಗೋದು ತೊಗಟೆ ಒಳಗಿರೋ ಎಳೇ ಪದರದಲ್ಲಿ. ನಡುವಿನ ಚೇಗು ಸತ್ತಿರೋ ಭಾಗ, ಹಾಗಾಗಿ ಶಿಲೀಂಧ್ರ ಅದನ್ನ ತಿಂದು ಟೊಳ್ಳು ಮಾಡಿದ್ರೂ ಮೇಲೆ ಚಿಗುರು ಬರ್ತಾನೇ ಇರುತ್ತೆ. ನಮ್ಮ ಮರದ ಬುಡದಲ್ಲಿ ಗಟ್ಟಿ ಅಣಬೆ ಎದ್ದಿತ್ತು, ಸುತ್ತಿಗೇಲಿ ತಟ್ಟಿದ್ರೆ ಒಂದು ಕಡೆ ಡಬ್ ಡಬ್ ಅಂತಿತ್ತು, ಹಿಂದುಗಡೆ ಮಣ್ಣು ಬಿರುಕು ಬಿಟ್ಟು ಮೇಲೆದ್ದಿತ್ತು, ಅದೂ ಮರ ಮನೆ ಕಡೆಗೇ ವಾಲಿತ್ತು. ಟೊಳ್ಳಿದ್ದ ಮಾತ್ರಕ್ಕೆ ಕಡೀಲೇಬೇಕು ಅಂತೇನಿಲ್ಲ. ಸುತ್ತಲಿನ ಗಟ್ಟಿ ಭಾಗ ಕಾಂಡದ ತ್ರಿಜ್ಯದ ಮೂರನೇ ಒಂದರಷ್ಟಾದ್ರೂ ಉಳಿದಿದ್ರೆ ಸಾಮಾನ್ಯವಾಗಿ ತಡ್ಕೊಳುತ್ತೆ ಅಂತ ಮರ ಪರೀಕ್ಷೆ ಮಾಡೋರ ಲೆಕ್ಕ. ಬೇರುಗಳೇ ಕೊಳೆತಿದ್ರೆ ಮಾತ್ರ ಆ ಲೆಕ್ಕ ಹಿಡಿದು ಕೂರೋಕಾಗಲ್ಲ.

ತುದಿ ಕತ್ತರಿಸಿ ಬಿಡಿ ಸಾಕು ಅಂದೋರೂ ಇದ್ರು. ಅದನ್ನ ಯಾರೂ ಮಾಡ್ಬೇಡಿ ದಯವಿಟ್ಟು. ಅಷ್ಟು ದೊಡ್ಡ ಗಾಯ ಮುಚ್ಚೋಷ್ಟರಲ್ಲಿ ಕೊಳೆಯೋಕೆ ಶುರುವಾಗುತ್ತೆ, ಆಮೇಲೆ ಅಲ್ಲಿಂದ ಹೊರಡೋ ಹೊಸ ರೆಂಬೆಗಳಿಗೆ ಹಿಡಿತ ಕಮ್ಮಿ, ದಪ್ಪ ಆದಂಗೆಲ್ಲ ಮುರಿದು ಬೀಳ್ತವೆ.

ಬುಡಕ್ಕೆ ಗರಗಸ ಹಾಕಿ ಒಂದೇ ಸಲ ಉರುಳಿಸೋಕೆ ಮರದ ಎತ್ತರಕ್ಕಿಂತ ಜಾಸ್ತಿ ಖಾಲಿ ಜಾಗ ಬೇಕು, ಹಿತ್ತಲಲ್ಲಿ ಎಲ್ಲಿಂದ ಬರ್ಬೇಕು. ಮೊದಲು ಎಲ್ಲೂ ಹಕ್ಕಿ ಗೂಡಿಲ್ಲ ಅಂತ ನೋಡ್ಕೊಂಡ್ವಿ, ಆಮೇಲೆ ಮೇಲಿಂದ ತುಂಡು ತುಂಡಾಗಿ ಇಳಿಸಿದ್ರು. ಕೊಳೆತ ಮರ ನಂಬಿ ಹತ್ತೋ ಹಾಗಿಲ್ಲ, ಅದಕ್ಕೇ ಲಿಫ್ಟ್ ಗಾಡಿ ತಂದಿದ್ರು. ದಪ್ಪ ಕೊಂಬೆಗೆ ಮೊದಲು ಕೆಳಗಿಂದ ಸ್ವಲ್ಪ ಕುಯ್ದು ಆಮೇಲೆ ಮೇಲಿಂದ ಕುಯ್ತಾರೆ, ಇಲ್ಲಾಂದ್ರೆ ಭಾರಕ್ಕೆ ತೊಗಟೆ ಸಮೇತ ಸೀಳ್ಕೊಂಡು ಎತ್ತಲೋ ತಿರುಗಿ ಕುಯ್ಯೋರ ಮೇಲೇ ಬರಬಹುದು. ಒಂದು ಮೀಟರ್ ದಪ್ಪ, ಒಂದು ಮೀಟರ್ ಉದ್ದದ ಹಸಿ ದಿಮ್ಮಿ ಸಾಮಾನ್ಯವಾಗಿ ಅರ್ಧ ಟನ್‌ಗಿಂತ ಜಾಸ್ತಿನೇ ತೂಗುತ್ತೆ, ಹಾಗಾಗಿ ಕೆಲಸದೋರಿಗೆ ಬೇಗ ಮುಗಿಸಿ ಅಂತ ಅವಸರ ಮಾಡೋದು ನಿಜವಾಗ್ಲೂ ತಪ್ಪು. ಕಾಂಡ ಇಳಿಸಿದ ಮೇಲೆ ನೋಡಿದ್ರೆ ಬುಡದ ಹತ್ರ ಒಳಗೆಲ್ಲ ಪುಡಿ ಪುಡಿ.

ಬೊಡ್ಡೆನ ಮಷಿನ್‌ನಲ್ಲಿ ನೆಲದಿಂದ ಸುಮಾರು 20-30 ಸೆಂಟಿಮೀಟರ್ ಕೆಳಗಿನವರೆಗೆ ತುರಿದು ತೆಗೆದ್ರು. ಬೇರುಗಳು ಮಣ್ಣಲ್ಲೇ ಇವೆ, ಅವು ಕೊಳೀತಾ ಹೋದಂಗೆ ನೆಲ ಕುಸಿಯುತ್ತೆ, ಆಗಾಗ ಮಣ್ಣು ತುಂಬ್ತಾ ಇರ್ಬೇಕು, ಸದ್ಯಕ್ಕೆ ಅಲ್ಲಿ ಏನೂ ಕಟ್ಟೋ ಹಾಗಿಲ್ಲ. ಹೊಸ ಸಸಿ ಖಂಡಿತ ನೆಡ್ತೀವಿ, ಆದ್ರೆ ಅದೇ ಗುಂಡಿಯಲ್ಲಲ್ಲ, ಹಳೇ ಬೇರಲ್ಲಿರೋ ಶಿಲೀಂಧ್ರ ಹೊಸದಕ್ಕೂ ಹತ್ತಬಹುದು. ಗೋಡೆಯಿಂದ ದೂರ, ಹಿತ್ತಲಿನ ಆ ತುದೀಲಿ ಜಾಗ ನೋಡಿದೀವಿ.